ಗ್ರಹಣದ ಒನಕೆ, ಅಯಸ್ಕಾಂತದ ಹಾಸಿಗೆ, ಮುರಿದ ಮೂರನೇ ಪಿನ್ನು

ಮೊದಲೇ ಹೇಳಿಬಿಡ್ತೀನಿ, ಹಳ್ಳಿ ಜನರ ಮೂಢನಂಬಿಕೆ ಅಂತ ಬೈಯೋ ಬರಹ ಬೇಕಿದ್ದವರು ಮುಂದಿನ ಪುಟಕ್ಕೆ ಹೋಗಬಹುದು. ಆ ಕೆಲಸಕ್ಕೆ ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬೈಯೋಕೆ ಹೊರಟಿರೋದು ನಮ್ಮವರನ್ನೇ. ಅಂದ್ರೆ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ತೊಂಬತ್ತರ ಮೇಲೆ ತಗೊಂಡು, ಪಿಯುಸಿಯಲ್ಲಿ ಫಿಸಿಕ್ಸ್ ಟ್ಯೂಷನ್‌ಗೆ ಹೋಗಿ, ಸಿಇಟಿ ಬರೆದು, ಬಿ.ಇ. ಮುಗಿಸಿ, ಈಗ ಎಸಿ ಆಫೀಸಿನಲ್ಲಿ ಕೂತು ಫ್ಯಾಮಿಲಿ ಗ್ರೂಪಿಗೆ "ಇದರ ಹಿಂದಿರುವ ವೈಜ್ಞಾನಿಕ ಕಾರಣ" ಅಂತ ದಿನಬೆಳಗಾದ್ರೆ ಫಾರ್ವರ್ಡ್ ಮಾಡೋರನ್ನ. ಊರಲ್ಲಿರೋ ಅಪ್ಪ ಅಮ್ಮ ಅದನ್ನ ನಂಬ್ತಾರೆ. ಯಾಕೆ ಅಂದ್ರೆ ಕಳಿಸಿದ್ದು ಓದಿದ ಮಗ.

ನನ್ನ ತಕರಾರು ಇಷ್ಟೇ. ಶಾಲೆಯ ಫಿಸಿಕ್ಸ್‌ನಲ್ಲಿ ಎರಡು ಸಂಗತಿ ಇರುತ್ತವೆ. ಒಂದು ಹೆಸರು: ಬಲ, ಗುರುತ್ವಾಕರ್ಷಣೆ, ಕಾಂತತ್ವ, ವಿದ್ಯುತ್. ಇನ್ನೊಂದು ಲೆಕ್ಕ: ಎಷ್ಟು ಬಲ, ಎಷ್ಟು ದೂರದಿಂದ, ಯಾವ ದಿಕ್ಕಿಗೆ. ಹೆಸರು ಎಲ್ಲರಿಗೂ ನೆನಪಿದೆ. ಲೆಕ್ಕ ಮಾತ್ರ ಪರೀಕ್ಷೆ ಮುಗಿದ ದಿನವೇ ಮರೆತುಹೋಯ್ತು. ಬರೀ ಹೆಸರು ಇಟ್ಕೊಂಡ್ರೆ ಫಿಸಿಕ್ಸು ಮಂತ್ರ ಆಗುತ್ತೆ. ಮಾರೋನ ಕೈಗೆ ಸಿಕ್ಕಿದ್ರೆ ಸರಕಾಗುತ್ತೆ. ಮೂರು ಉದಾಹರಣೆ ಕೊಡ್ತೀನಿ. ಮೊದಲನೇದು ನಗು ಬರಿಸುತ್ತೆ, ಎರಡನೇದು ದುಡ್ಡು ಕಳೆಯುತ್ತೆ, ಮೂರನೇದು ಜೀವ ತೆಗೆಯುತ್ತೆ.

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ ಆಯ್ತಲ್ಲ, ನೆನಪಿದೆಯಾ? ಮಂಗಳೂರು, ಕೊಡಗಿನ ಕಡೆ ಸೂರ್ಯ ಬಳೆ ಥರ ಕಂಡ. ಅವತ್ತು ಟೀವಿ ಹಾಕಿದ್ರೆ ಸೂರ್ಯನಿಗೆ ಪೈಪೋಟಿ ಕೊಟ್ಟಿದ್ದು ಒನಕೆ. ತಟ್ಟೆಗೆ ನೀರು ಹಾಕಿ, ನಡುವೆ ಒನಕೆ ನಿಲ್ಲಿಸಿ, ಅರಿಶಿನ ಕುಂಕುಮ ಇಟ್ಟು, "ಯಾರೂ ಹಿಡ್ಕೊಳ್ಳದೆ ನಿಂತಿದೆ ನೋಡಿ ವೀಕ್ಷಕರೇ" ಅಂತ. ಆಮೇಲಿನ ಗ್ರಹಣಗಳಲ್ಲೂ ಅದೇ ತಟ್ಟೆ, ಅದೇ ಒನಕೆ.

ಒನಕೆ ನಿಲ್ಲಿಸೋದು ಹಳೇ ಪದ್ಧತಿ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಅಜ್ಜಿ ನಿಲ್ಲಿಸಿ ಕೈ ಮುಗೀತಾಳೆ, ಅಷ್ಟೇ. ಅವಳು ನ್ಯೂಟನ್ ಹೆಸರು ಎತ್ತಲ್ಲ. ಸಿಟ್ಟು ಬಂದಿದ್ದು ಮಧ್ಯಾಹ್ನದ ಹೊತ್ತಿಗೆ ನಮ್ಮ ಕಾಲೇಜು ಗ್ರೂಪಿನಲ್ಲಿ ಬಂದ ವಿವರಣೆಗೆ: "ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಗುರುತ್ವಾಕರ್ಷಣ ಬಲ ಹೆಚ್ಚಾಗಿ ಒನಕೆ ಲಂಬವಾಗಿ ನಿಲ್ಲುತ್ತದೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು." ಹಾಕಿದವನು ಮೆಕ್ಯಾನಿಕಲ್ ಇಂಜಿನಿಯರು ಸ್ವಾಮಿ!

ಸರಿ, ಲೆಕ್ಕ ಹಾಕೋಣ. ಮೂರು ಕೆಜಿ ಒನಕೆ ಅಂತ ಇಟ್ಕೊಳ್ಳಿ. ಭೂಮಿ ಅದನ್ನ ಎಳೆಯೋದು ಮೂರು ಕೆಜಿ ತೂಕದಷ್ಟು, ಮೇಷ್ಟ್ರ ಭಾಷೆಯಲ್ಲಿ ಸುಮಾರು 30 ನ್ಯೂಟನ್. ಅದೇ ಒನಕೆಯನ್ನ ಸೂರ್ಯ ಎಳೆಯೋದು ಹತ್ತಿರ ಹತ್ತಿರ 2 ಗ್ರಾಂ ತೂಕದಷ್ಟು. ಚಂದ್ರ ಎಳೆಯೋದು ಒಂದು ಗ್ರಾಮಿನ ನೂರನೇ ಒಂದು ಪಾಲಿನಷ್ಟು, ಅಂದ್ರೆ ಅರ್ಧ ಅಕ್ಕಿಕಾಳಿನ ತೂಕ. ಆ ಎಳೆತ ಕೂಡ ಒನಕೆಗೆ ಮಾತ್ರ ಅಲ್ಲ. ತಟ್ಟೆ, ಅಂಗಳ, ಕ್ಯಾಮೆರಾ ಹಿಡಿದವನು, ಇಡೀ ಭೂಮಿ, ಎಲ್ಲವನ್ನೂ ಒಂದೇ ಸಮ ಎಳೀತಿರುತ್ತೆ. ಎಲ್ಲರೂ ಕೂತ ಬಸ್ಸೇ ಮುಂದೆ ಹೋದ ಹಾಗೆ. ಒಳಗಿರೋ ಒನಕೆಗೆ ವಿಶೇಷ ಏನು?

ದಿಕ್ಕಿನ ವಿಷಯಕ್ಕೆ ಬನ್ನಿ. ಅವತ್ತು ಗ್ರಹಣ ಜೋರಾಗಿದ್ದಿದ್ದು ಬೆಳಿಗ್ಗೆ ಒಂಬತ್ತೂವರೆ ಆಸುಪಾಸು. ಡಿಸೆಂಬರಿನ ಆ ಹೊತ್ತಿಗೆ ಸೂರ್ಯ ನೆತ್ತಿ ಮೇಲೆ ಇರಲ್ಲ, ಆಗ್ನೇಯಕ್ಕೆ ಓರೆಯಾಗಿರ್ತಾನೆ. ಚಂದ್ರನೂ ಅಲ್ಲೇ, ಅದಕ್ಕೇ ಅಲ್ವಾ ಗ್ರಹಣ ಆಗೋದು? ಅವರಿಬ್ಬರೂ ನಿಜವಾಗ್ಲೂ ಎಳೆದು ನಿಲ್ಲಿಸೋದಾಗಿದ್ರೆ ಒನಕೆ ಆಗ್ನೇಯಕ್ಕೆ ವಾಲಿಕೊಂಡು ನಿಲ್ಲಬೇಕಿತ್ತು. ನೆಟ್ಟಗೆ ಯಾಕೆ ನಿಂತಿತು? ಇನ್ನೊಂದು, ಸೂರ್ಯ ಚಂದ್ರ ಒಂದೇ ಕಡೆಗೆ ಬರೋದು ಪ್ರತಿ ಅಮಾವಾಸ್ಯೆಗೂ ಇದ್ದದ್ದೇ. ಗ್ರಹಣದ ದಿನ ಒಂದು ಚೂರು ಹೆಚ್ಚು ನೇರ ಇರ್ತಾರೆ, ಅಷ್ಟೇ. ಹಾಗಾದ್ರೆ ತಿಂಗಳಿಗೊಂದು ಸಲ ಊರಿನ ಒನಕೆಗಳೆಲ್ಲ ಎದ್ದು ನಿಲ್ಲಬೇಕಲ್ಲ!

ಒನಕೆ ನಿಲ್ಲೋದು ಬುಡದಿಂದ. ಕುಟ್ಟಿ ಕುಟ್ಟಿ ಬುಡ ಸವೆದು ಚಪ್ಪಟೆ ಆಗಿರುತ್ತೆ, ಕೆಲವಕ್ಕೆ ಕಬ್ಬಿಣದ ಕಟ್ಟು ಬೇರೆ ಹಾಕಿರ್ತಾರೆ. ಗುರುತ್ವ ಕೇಂದ್ರದಿಂದ ಎಳೆದ ಲಂಬ ರೇಖೆ ಬುಡದ ಒಳಗೆ ಬಿದ್ದರೆ ವಸ್ತು ನಿಲ್ಲುತ್ತೆ, ಹೊರಗೆ ಬಿದ್ದರೆ ಉರುಳುತ್ತೆ. ಉದ್ದಕ್ಕೂ ಒಂದೇ ದಪ್ಪ ಇರೋ ಒನಕೆಯ ಬುಡ ಆರು ಸೆಂಟಿಮೀಟರ್ ಅಗಲ ಇದ್ದರೆ, ಅದರ ತುದಿ ಆರು ಸೆಂಟಿಮೀಟರ್ ವಾಲುವ ತನಕ ಅದು ಬೀಳಲ್ಲ. ಅಷ್ಟು ಅವಕಾಶ ಇದ್ದಾಗ ತಾಳ್ಮೆ ಇರೋ ಯಾರಾದ್ರೂ ನಿಲ್ಲಿಸಬಹುದು, ಯಾವ ದಿನವಾದ್ರೂ ನಿಲ್ಲಿಸಬಹುದು. ಇದನ್ನ ಪರೀಕ್ಷೆ ಮಾಡೋಕೆ ಪ್ರಯೋಗಾಲಯ ಬೇಡ, ಮಾರನೇ ದಿನ ಬೇಕು. ಡಿಸೆಂಬರ್ 27ಕ್ಕೆ ಅದೇ ಮನೆಗೆ ಹೋಗಿ ಅದೇ ಒನಕೆ ನಿಲ್ಲಿಸಿ ತೋರಿಸಿದ್ದರೆ ಎರಡು ನಿಮಿಷದ ಕೆಲಸ. ನಾನು ಚಾನೆಲ್ಲಿಂದ ಚಾನೆಲ್ಲಿಗೆ ತಿರುಗಿಸಿದೆ, ಕಾಣಲಿಲ್ಲ.

ಇದರ ತಮ್ಮನೇ ಇನ್ನೊಂದು ಫಾರ್ವರ್ಡ್: "ಚಂದ್ರ ಸಮುದ್ರವನ್ನೇ ಉಕ್ಕಿಸುತ್ತಾನೆ, ನಮ್ಮ ದೇಹದಲ್ಲಿ ಶೇಕಡಾ 70 ನೀರಿದೆ, ಹಾಗಾದರೆ ಹುಣ್ಣಿಮೆ ಅಮಾವಾಸ್ಯೆಗೆ ನಮ್ಮ ಮೇಲೆ ಎಷ್ಟು ಪರಿಣಾಮ ಆಗಬೇಡ?" ಎಷ್ಟು ಅಂತ ಕೇಳಿದ್ದು ಒಳ್ಳೇದೇ ಆಯ್ತು. ಸಮುದ್ರ ಉಬ್ಬೋದಕ್ಕೆ ಕಾರಣ ಭೂಮಿಯ ಈ ಬದಿಗೂ ಆ ಬದಿಗೂ ಚಂದ್ರನ ಎಳೆತದಲ್ಲಿರೋ ವ್ಯತ್ಯಾಸ. ಎರಡು ಬದಿಗಳ ನಡುವೆ 12,700 ಕಿಲೋಮೀಟರ್ ಇದೆ. ನಿಮ್ಮ ತಲೆಗೂ ಕಾಲಿಗೂ ನಡುವೆ ಐದೂವರೆ ಅಡಿ. ಹುಣ್ಣಿಮೆ ದಿನ ಊರ ಕೆರೆ ಏರಿ ಮೇಲೆ ನಿಂತು ನೋಡಿ, ಇಡೀ ಕೆರೆಯಲ್ಲಿ ಕಣ್ಣಿಗೆ ಕಾಣೋವಷ್ಟು ಉಬ್ಬರ ಇರಲ್ಲ. ಕೆರೆಯಲ್ಲೇ ಏಳದ ಅಲೆ ಮೂರು ನಾಲ್ಕು ಬಿಂದಿಗೆ ನೀರಿನ ಮನುಷ್ಯನಲ್ಲಿ ಏಳುತ್ತಾ?

ಇಲ್ಲಿವರೆಗೆ ನಕ್ಕುಬಿಡೋಣ. ಒನಕೆ ನಿಂತರೆ ಯಾರ ಗಂಟೂ ಹೋಗಲ್ಲ. ಆದರೆ ಇದೇ ನಾಲಿಗೆ ಮುಂದೆ ಅಂಗಡಿ ಇಡುತ್ತೆ. ಅದು ಎರಡನೇದು.

"ಉತ್ತರಕ್ಕೆ ತಲೆ ಹಾಕಿ ಮಲಗಬೇಡ" ಅಂತ ನಮ್ಮಜ್ಜಿಯೂ ಹೇಳ್ತಿದ್ಲು. ಯಾಕಜ್ಜಿ ಅಂದ್ರೆ ಗಣಪನ ಕಥೆ ಹೇಳ್ತಿದ್ಲು, ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆ ತಂದು ಇಟ್ಟಿದ್ದು ಅಂತ. ಪ್ರಾಮಾಣಿಕ ಉತ್ತರ ಕಣ್ರೀ ಅದು. ಕಥೆ ಅಂತ ಗೊತ್ತು, ನಂಬಿಕೆ ಅಂತ ಗೊತ್ತು, ಬೇಕಾದ್ರೆ ಪಾಲಿಸು, ಬೇಡದಿದ್ರೆ ಬಿಡು. ಅದಕ್ಕೆ ಅಯಸ್ಕಾಂತ ಅಂಟಿಸಿದ್ದು ನಾವು: "ಭೂಮಿ ದೊಡ್ಡ ಅಯಸ್ಕಾಂತ. ನಮ್ಮ ರಕ್ತದಲ್ಲಿ ಕಬ್ಬಿಣ ಇದೆ. ಉತ್ತರಕ್ಕೆ ತಲೆ ಹಾಕಿದರೆ ಕಬ್ಬಿಣವೆಲ್ಲ ಮಿದುಳಿಗೆ ಹರಿದು ರಕ್ತದೊತ್ತಡ ಹೆಚ್ಚಾಗುತ್ತದೆ." ಮೂರು ವಾಕ್ಯ. ಮೊದಲ ಎರಡು ನಿಜ. ಮೂರನೇದು ಆ ಎರಡರ ಹೆಗಲ ಮೇಲೆ ಕೂತು ಬಂದ ಸುಳ್ಳು.

ಎಷ್ಟು ಅಂತ ಕೇಳಿ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಫ್ರಿಜ್ ಬಾಗಿಲಿಗೆ ಅಂಟಿಸೋ ಗೊಂಬೆಯ ಹಿಂದಿರೋ ಅಯಸ್ಕಾಂತ ಇದರ ನೂರು ಪಟ್ಟು ಇರುತ್ತೆ. ಎಂಆರ್‌ಐ ಯಂತ್ರ ಸಾಮಾನ್ಯವಾಗಿ 1.5 ಟೆಸ್ಲಾ, ಅಂದ್ರೆ ಭೂಮಿಯದರ 37,000 ಪಟ್ಟಿಗಿಂತ ಹೆಚ್ಚು. ಅದರೊಳಗೆ ಮನುಷ್ಯರನ್ನ ಅರ್ಧ ಗಂಟೆ ಮಲಗಿಸಿ ಮಿದುಳಿನ ಚಿತ್ರ ತೆಗೀತಾರೆ. ಯಾರ ರಕ್ತವೂ ತಲೆಗೆ ಏರಲ್ಲ.

ದೊಡ್ಡವರ ಮೈಯಲ್ಲಿ ಇರೋ ಕಬ್ಬಿಣ ಎಲ್ಲ ಸೇರಿ ಮೂರ್ನಾಲ್ಕು ಗ್ರಾಂ, ಒಂದು ಮೊಳೆಯಷ್ಟು. ಅದು ಮೊಳೆಯಾಗಿ ಇಲ್ಲ, ಅರದ ಪುಡಿಯಾಗಿಯೂ ಇಲ್ಲ. ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲಿ ನಾಲ್ಕೇ ನಾಲ್ಕು ಕಬ್ಬಿಣದ ಪರಮಾಣು, ಒಂದಕ್ಕೊಂದು ದೂರ ದೂರ. ಮೊಳೆಯಲ್ಲಿ ಕೋಟಿಗಟ್ಟಲೆ ಪರಮಾಣುಗಳು ಒಟ್ಟಿಗೆ ಒಂದೇ ಕಡೆ ಮುಖ ಮಾಡ್ತವೆ, ಅದಕ್ಕೇ ಅಯಸ್ಕಾಂತ ಅದನ್ನ ಎಳೆಯುತ್ತೆ. ರಕ್ತದಲ್ಲಿ ಆ ಒಗ್ಗಟ್ಟು ಇಲ್ಲ. ಆಮ್ಲಜನಕ ಹೊತ್ತ ರಕ್ತವನ್ನ ಅಯಸ್ಕಾಂತ ಎಳೆಯೋದಿರಲಿ, ಒಂದು ಎಳ್ಳಿನಷ್ಟು ದೂರವೇ ತಳ್ಳುತ್ತೆ. ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಅನ್ನೋ ಇಬ್ಬರು ಇದನ್ನ 1936ರಲ್ಲೇ ಅಳೆದು ಬರೆದಿದ್ದಾರೆ. ಅಷ್ಟು ದೂರ ಹೋಗೋದೂ ಬೇಡ. ಹೊರದೇಶದ ಡೇರಿಗಳಲ್ಲಿ ಮೇವಿನ ಜೊತೆ ಮೊಳೆ, ತಂತಿ ನುಂಗೋ ಹಸುಗಳಿಗೆ ಬೆರಳುದ್ದದ ಅಯಸ್ಕಾಂತವನ್ನೇ ನುಂಗಿಸ್ತಾರೆ. ಅದು ವರ್ಷಗಟ್ಟಲೆ ಹೊಟ್ಟೆಯೊಳಗೆ ಇದ್ದು ಮೊಳೆ ಹಿಡ್ಕೊಳ್ಳುತ್ತೆ. ಸುತ್ತ ಹರಿಯೋ ರಕ್ತದ ತಂಟೆಗೆ ಹೋಗಲ್ಲ, ಹಸು ಹಾಲು ಕೊಡ್ತಾನೇ ಇರುತ್ತೆ.

ಮನುಷ್ಯನ ತಲೆ ಒಂದು ಧ್ರುವ, ಕಾಲು ಇನ್ನೊಂದು ಧ್ರುವ ಅನ್ನೋರೂ ಇದ್ದಾರೆ. ಹಾಗಿದ್ದರೆ ಸೀರೆ ಕಟ್ಟಿ ತೂಗುಬಿಟ್ಟ ಜೋಲಿಯಲ್ಲಿ ಮಲಗಿದ ಮಗು ದಿಕ್ಸೂಚಿ ಮುಳ್ಳಿನ ಥರ ತಾನಾಗೇ ಉತ್ತರಕ್ಕೆ ತಿರುಗಬೇಕಿತ್ತು. ಯಾವ ತಾಯಿಯಾದ್ರೂ ನೋಡಿದ್ದೀರಾ?

ಈಗ ದುಡ್ಡಿನ ಕಥೆ. ನಮ್ಮ ಚಿಕ್ಕಮ್ಮನ ಊರಿಗೆ ಒಂದು ದಿನ ಟೈ ಕಟ್ಟಿಕೊಂಡ ಇಬ್ಬರು ಬಂದರು. ಸಮುದಾಯ ಭವನದಲ್ಲಿ ಮೀಟಿಂಗು, ಬಿಸ್ಕತ್ತು, ಟೀ. ಅಯಸ್ಕಾಂತ ಇಟ್ಟು ಹೊಲಿದ ಹಾಸಿಗೆ ಮೇಲೆ ಮಲಗಿದ್ರೆ ಮಂಡಿನೋವು, ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಹೋಗುತ್ತೆ ಅಂತ ಭಾಷಣ. ಒಂದು ಬಿಲ್ಲೆ ತೆಗೆದು ಗುಂಡುಪಿನ್ನುಗಳನ್ನ ಸರಸರ ಎತ್ತಿ ತೋರಿಸಿದ್ರಂತೆ. ಚಿಕ್ಕಮ್ಮ ಒಂದು ಹಸು ಮಾರಿ ಹಾಸಿಗೆ ತಗೊಂಡ್ಲು. ಅಷ್ಟಕ್ಕೇ ನಿಂತಿದ್ರೆ ದುಡ್ಡು ಹೋಯ್ತು ಅಂತ ಸುಮ್ನಾಗಬಹುದಿತ್ತು. ಹಾಸಿಗೆ ಬಂತಲ್ಲ ಅಂತ ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಳು. ಎರಡು ತಿಂಗಳಿಗೆ ತಲೆ ಸುತ್ತಿ ಹಿತ್ತಲಲ್ಲಿ ಬಿದ್ದು, ಆಸ್ಪತ್ರೆಗೆ ಸೇರಿಸೋ ಹಾಗಾಯ್ತು.

ನೋಡೋಕೆ ಹೋದಾಗ ಕೇಳಿದೆ, ಯಾಕ್ ಚಿಕ್ಕಮ್ಮ ನನಗೊಂದು ಫೋನ್ ಮಾಡಬಾರದಿತ್ತಾ ಅಂತ. "ನಿಮ್ಮಂಗೇ ಓದಿರೋರೇ ಕಣಪ್ಪ ಬಂದು ಹೇಳಿದ್ದು. ರಕ್ತದಾಗೆ ಕಬ್ಣ ಐತಂತೆ, ನೀವೇ ಮೊಬೈಲ್ನಾಗೆ ಕಳಿಸ್ತಿರ್ತೀರಲ್ಲ" ಅಂದ್ಲು. ಮನೆಗೆ ಬಂದ ಮೇಲೆ ಹಾಸಿಗೆ ಮೇಲೆ ಅವಳು ಹಾಸ್ಕೊಳ್ಳೋ ಕಂಬಳಿ ಮಡಿಸಿ ಹಾಸಿ, ಅದರ ಮೇಲೆ ಒಂದು ಗುಂಡುಪಿನ್ನು ಇಟ್ಟು ತೋರಿಸಿದೆ. ಪಿನ್ನು ಅಲ್ಲಾಡಲಿಲ್ಲ. ಹಾಸಿಗೆ ಮೇಲೆ ಗಾಸ್ ಲೆಕ್ಕದಲ್ಲಿ ದೊಡ್ಡ ಸಂಖ್ಯೆ ಅಚ್ಚು ಹಾಕಿರ್ತಾರೆ ನಿಜ. ಅದು ಬಿಲ್ಲೆಯ ಮೈಗೆ ತಾಗಿಸಿ ಅಳೆದದ್ದು. ಸಣ್ಣ ಅಯಸ್ಕಾಂತದ ಬಲ ದೂರ ಹೋದ ಹಾಗೆ ಧಡಕ್ಕನೆ ಇಳಿದುಹೋಗುತ್ತೆ. ಕಂಬಳಿ ಮೇಲಿನ ಪಿನ್ನನ್ನೇ ಮುಟ್ಟದ ಬಲ ಮಂಡಿಯೊಳಗಿನ ನೋವನ್ನ ಮುಟ್ಟುತ್ತಾ? ಆ ಟೈ ಕಟ್ಟಿದವರು ಹೊಸದೇನೂ ಹೇಳಿರಲಿಲ್ಲ. ನಾವು ವರ್ಷಗಟ್ಟಲೆ ಪುಕ್ಕಟೆ ಬಿತ್ತಿದ್ದನ್ನ ಅವರು ಬಂದು ಕೊಯ್ದರು.

ಮೂರನೇದು ಕರೆಂಟು. ಇಲ್ಲಿ ನಗೋಕೆ ಏನೂ ಇಲ್ಲ.

ನಮ್ಮ ಮಾತಲ್ಲಿ ಎಲ್ಲವೂ ಕರೆಂಟೇ. ವೋಲ್ಟೇಜೂ ಕರೆಂಟು, ಪವರ್ರೂ ಕರೆಂಟು. ಬಳಕೆಗೆ ಅದು ಸಾಕು. ಆದರೆ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಒಂದು ಸೂತ್ರ ಇದೆ, ವೋಲ್ಟೇಜನ್ನ ರೋಧದಿಂದ ಭಾಗಿಸಿದ್ರೆ ಹರಿಯೋ ಕರೆಂಟು ಸಿಗುತ್ತೆ ಅಂತ. ಓಮನ ನಿಯಮ. ಎರಡು ಅಂಕದ ಪ್ರಶ್ನೆ. ಅದನ್ನ ನಮ್ಮ ಮೈಗೆ ಹಾಕಿ ನೋಡಿ. ಒಣಗಿದ ಚರ್ಮದ ರೋಧ ಒಂದು ಲಕ್ಷ ಓಮ್ ತನಕ ಇರಬಹುದು. 230 ವೋಲ್ಟಿಗೆ ಹರಿಯೋದು ಎರಡು ಚಿಲ್ಲರೆ ಮಿಲಿಆಂಪಿಯರ್, ಜುಮ್ ಅನ್ಸುತ್ತೆ, ಕೈ ಹಿಂದೆ ಎಳ್ಕೊಳ್ತೀವಿ. ಅದೇ ಕೈ ಒದ್ದೆ, ಕಾಲು ಕೆಸರಲ್ಲಿ ಅಂದ್ರೆ ರೋಧ ಒಂದು ಸಾವಿರ ಓಮಿಗೆ ಇಳಿಯುತ್ತೆ. ಹರಿಯೋದು 230 ಮಿಲಿಆಂಪಿಯರ್. ಎದೆ ಮೂಲಕ 30 ದಾಟಿದ್ರೇ ಅಪಾಯದ ಗಡಿ. ಮನೆಯಲ್ಲಿ ಉರಿಯೋ 9 ವಾಟಿನ ಎಲ್‌ಇಡಿ ಬಲ್ಬು ಸುಮಾರು 40 ಮಿಲಿಆಂಪಿಯರ್ ತಗೊಳ್ಳುತ್ತೆ. ಒಂದು ಬಲ್ಬು ಉರಿಸೋವಷ್ಟು ಕರೆಂಟು ಎದೆ ಹಾದುಹೋದ್ರೆ ಮನುಷ್ಯನ ದೀಪ ಆರಬಹುದು.

"ನಮ್ಮ ಮನೇಲಿ ಎಂಸಿಬಿ ಇದೆ, ಟ್ರಿಪ್ ಆಗುತ್ತೆ ಬಿಡಿ" ಅಂತಾರೆ ನನ್ನ ಜೊತೆ ಕೆಲಸ ಮಾಡೋ ಇಂಜಿನಿಯರುಗಳೂ. 16 ಆಂಪಿಯರಿನ ಎಂಸಿಬಿ ಅಂದ್ರೆ 16,000 ಮಿಲಿಆಂಪಿಯರ್. ಅಪಾಯದ ಗಡಿಯ ಐನೂರು ಪಟ್ಟಿಗಿಂತ ಹೆಚ್ಚು. ಅದು ಇರೋದು ತಂತಿ ಸುಡದೆ ಇರಲಿ ಅಂತ. ನೀವು ಗೀಸರಿಗೆ ಅಂಟಿಕೊಂಡು ಒದ್ದಾಡಿದ್ರೂ ಅದಕ್ಕೆ ಗೊತ್ತಾಗಲ್ಲ. ಮನುಷ್ಯನನ್ನ ಉಳಿಸೋದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಅದು ಲೆಕ್ಕ ನೋಡ್ತಾ ಇರುತ್ತೆ. 30 ಮಿಲಿಆಂಪಿಯರ್ ಕಡಿಮೆ ಬಂದ್ರೆ, ಅದು ಯಾರದೋ ಮೈ ಹಾದು ನೆಲಕ್ಕೆ ಹೋಗ್ತಿರಬಹುದು ಅಂತ ಕಣ್ಣು ಮಿಟುಕಿಸೋದ್ರೊಳಗೆ ಲೈನ್ ಕಡಿದುಹಾಕುತ್ತೆ. ಅರ್ಥಿಂಗ್ ಸರಿ ಇದ್ದರೆ ನೀವು ಮುಟ್ಟೋ ಮೊದಲೇ ಬೀಳುತ್ತೆ. ಗೃಹಪ್ರವೇಶಕ್ಕೆ ಹೋದ ಮನೆಗಳಲ್ಲಿ ನಾನು ಮೇನ್ ಬೋರ್ಡ್ ಬಾಗಿಲು ತೆಗೆದು ನೋಡ್ತೀನಿ. ವಾಸ್ತು ನೋಡಿ ಬಾಗಿಲು ತಿರುಗಿಸಿರ್ತಾರೆ, ಅದು ಮಾತ್ರ ಎಷ್ಟೋ ಕಡೆ ಇರಲ್ಲ.

ಮೂರು ಪಿನ್ನಿನ ಪ್ಲಗ್ಗಲ್ಲಿ ಮೇಲಿನ ಪಿನ್ನು ಉಳಿದ ಎರಡಕ್ಕಿಂತ ಉದ್ದ, ದಪ್ಪ. ಯಾಕೆ ಗೊತ್ತಾ? ಹಾಕುವಾಗ ಮೊದಲು ಅರ್ಥ್ ತಾಗಲಿ, ಕೀಳುವಾಗ ಕೊನೆಗೆ ಬಿಡಲಿ ಅಂತ. ಎರಡು ಪಿನ್ನಿನ ತೂತಿಗೆ ಹಿಡಿಸಲ್ಲ ಅಂತ ಅದನ್ನೇ ಮುರಿದು ಹಾಕ್ತೀವಿ. ಊರಿನ ಕಡೆ ಇನ್ನೂ ಕಷ್ಟ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕಬ್ಬಿಣದ ಡಬ್ಬಿ. ಅದರ ಅರ್ಥ್ ತಂತಿ ತುಕ್ಕು ಹಿಡಿದು ಕಳಚಿರುತ್ತೆ, ಇಲ್ಲಾ ಬೇಸಿಗೆಯಲ್ಲಿ ಗುಂಡಿ ಒಣಗಿ ಅರ್ಥ್ ಸತ್ತಿರುತ್ತೆ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಸುತ್ತಿರ್ತಾರೆ. ರಾತ್ರಿ ತ್ರೀ ಫೇಸ್ ಕೊಟ್ಟಾಗ ರೈತ ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಮೋಟರ್ ಹಾಕೋಕೆ ಹೋಗ್ತಾನೆ. ಮೇಲಿನ ಲೆಕ್ಕವನ್ನ ಇನ್ನೊಂದು ಸಲ ಓದಿ.

ನಮ್ಮ ಸೀಮೆಯಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಿ ಹೋದವರಿದ್ದಾರೆ, ಬಟ್ಟೆ ಒಣಹಾಕೋ ತಂತಿ ಮುಟ್ಟಿ ಹೋದವರಿದ್ದಾರೆ, ಅವರನ್ನ ಬಿಡಿಸೋಕೆ ಅಂತ ಕೈ ಹಾಕಿ ಜೊತೆಗೇ ಹೋದವರಿದ್ದಾರೆ. ಸಾವಿನ ಮನೆಯಲ್ಲಿ ಕೂತು ಅವತ್ತು ಅಮಾವಾಸ್ಯೆ ಹತ್ತಿರ ಇತ್ತಾ, ಅವನಿಗೆ ಯಾವ ದೆಸೆ ನಡೀತಿತ್ತು ಅಂತ ವಿಚಾರಿಸ್ತಾರೆ. ಅರ್ಥ್ ತಂತಿ ಎಲ್ಲಿ ಕಳಚಿತ್ತು ಅಂತ ನೋಡೋಕೆ ಒಬ್ಬರೂ ತೋಟಕ್ಕೆ ಹೋಗಲ್ಲ. ವಾರ ಕಳೆದ ಮೇಲೆ ಅದೇ ಡಬ್ಬಿಯನ್ನ ಅವನ ತಮ್ಮ ಮುಟ್ತಾನೆ.

ಕರೆಂಟ್ ಹೊಡೆದವರನ್ನ, ಸಿಡಿಲು ಬಡಿದವರನ್ನ ಮಣ್ಣಲ್ಲೋ ತಿಪ್ಪೆಯಲ್ಲೋ ಕತ್ತಿನ ತನಕ ಹೂಳಿದ್ರೆ "ಮೈಯಲ್ಲಿರೋ ಕರೆಂಟನ್ನ ಭೂಮಿ ಎಳ್ಕೊಳ್ಳುತ್ತೆ" ಅಂತ ಕೆಲವು ಕಡೆ ನಂಬಿದ್ದಾರೆ. ಇದಕ್ಕೂ ವೈಜ್ಞಾನಿಕ ಅಂತ ಮೊಹರು ಒತ್ತಿದವರಿದ್ದಾರೆ. ತಂತಿ ಬಿಟ್ಟ ಕ್ಷಣವೇ ಮೈಯಲ್ಲಿ ಕರೆಂಟ್ ಉಳಿಯಲ್ಲ. ನಲ್ಲಿ ನಿಲ್ಲಿಸಿದ ಮೇಲೆ ಪೈಪಿನಲ್ಲಿ ಹರಿವು ಇರುತ್ತಾ? ನಿಂತಿರೋದು ಹೃದಯ. ಆ ಹೊತ್ತಿನಲ್ಲಿ ಗುಂಡಿ ತೋಡೋ ಒಂದೊಂದು ನಿಮಿಷವೂ ಕೊಲ್ಲುತ್ತೆ. ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಆಗದಿದ್ರೆ, ಮನೆ ಲೈನಾಗಿದ್ರೆ ಮಾತ್ರ, ಒಣ ಮರದ ಕೋಲಿನಿಂದ ಬಿಡಿಸಬೇಕು. ಉಸಿರಿಲ್ಲ ಅಂದ್ರೆ ಎದೆ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು.

ಪೇಟೆಯವರು ಬಚಾವು ಅಂದ್ಕೋಬೇಡಿ. 2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿ ಹತ್ತಿರ, ಐಟಿ ಕಂಪನಿಗಳ ನೆರಳಲ್ಲೇ, ಫುಟ್‌ಪಾತಿನ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸತ್ತುಹೋದರು. ತಂತಿ ಬಿದ್ದಿದ್ದು ಆ ತಾಯಿಯ ತಪ್ಪಲ್ಲ, ಅದನ್ನ ನೋಡಿಕೊಳ್ಳಬೇಕಾದವರದು. ಆದರೆ ಬಿದ್ದ ತಂತಿ ಕಂಡಾಗ ಏನು ಮಾಡಬೇಕು ಅಂತ ನಮಗೆ ಎಷ್ಟು ಜನಕ್ಕೆ ಗೊತ್ತು? ತಂತಿ ಬಿದ್ದ ಜಾಗದಿಂದ ನೆಲದಲ್ಲಿ ವೋಲ್ಟೇಜ್ ದೂರ ಹೋದ ಹಾಗೆ ಇಳೀತಾ ಹೋಗುತ್ತೆ. ಮುಂದಿಟ್ಟ ಕಾಲಿಗೂ ಹಿಂದಿನ ಕಾಲಿಗೂ ನಡುವೆ ವ್ಯತ್ಯಾಸ ಬಂದ್ರೆ ಒಂದು ಕಾಲಿಂದ ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ. ಕನಿಷ್ಠ 10 ಮೀಟರ್ ದೂರ ಇರಬೇಕು. ಹತ್ತಿರದಲ್ಲೇ ಸಿಕ್ಕಿಕೊಂಡ್ರೆ ದೊಡ್ಡ ಹೆಜ್ಜೆ ಹಾಕದೆ, ಎರಡೂ ಪಾದ ಜೋಡಿಸಿ ಚೂರು ಚೂರೇ ಸರಿದು ಆಚೆ ಬರಬೇಕು. ಸಿಡಿಲಿಗೆ ಮರದ ಕೆಳಗಿನ ದನ ಸಾಯೋದಕ್ಕೂ ಇದೊಂದು ಕಾರಣ. ಅದರ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ನಡುವೆ ಹೃದಯ ಇದೆ. ಊರ ದನಗಾಹಿ ಹುಡುಗನಿಗೂ ಅರ್ಥ ಆಗೋ ಫಿಸಿಕ್ಸು ಇದು. ಅವನಿಗೆ ಹೇಳಿದವರು ಯಾರು?

ಇದೆಲ್ಲ ಹೇಗಾಯ್ತು ಅಂತ ಕೇಳಿದ್ರೆ, ನಾವು ಕಲಿತ ರೀತಿಯಿಂದ. ನಾನು ಓದಿದ ಹೈಸ್ಕೂಲಲ್ಲಿ ಒಂದು ಗಾಜಿನ ಬೀರು ಇತ್ತು. ಒಳಗೆ ದಂಡಕಾಂತ, ಗ್ಯಾಲ್ವನೋಮೀಟರು, ತಾಮ್ರದ ಸುರುಳಿ ಎಲ್ಲ ಇದ್ದವು. ಇನ್‌ಸ್ಪೆಕ್ಷನ್ ದಿನ ಬೀಗ ತೆಗೆದು ಧೂಳು ಒರೆಸ್ತಿದ್ರು. ಮೇಷ್ಟ್ರನ್ನೂ ಪೂರ್ತಿ ದೂರಲ್ಲ, ಅವರ ಮೇಲೂ ರಿಸಲ್ಟಿನ ಕತ್ತಿ ತೂಗ್ತಿತ್ತು. ವ್ಯಾಖ್ಯೆ ಉರು ಹೊಡೆದ್ರೆ ಅಂಕ ಬರುತ್ತೆ, ಒನಕೆ ನಿಲ್ಲಿಸಿ ನೋಡಿದ್ರೆ ಬರಲ್ಲ. ಮುಂದೆ ಇಂಜಿನಿಯರಿಂಗ್ ಕಾಲೇಜಿಗೆ ಬಂದರೆ, ಉತ್ತರ ಮೊದಲೇ ಗೊತ್ತು, ಅದಕ್ಕೆ ಹೊಂದೋ ರೀಡಿಂಗನ್ನ ಹಿಂದಿನಿಂದ ಬರೆಯೋದು ಒಂದು ಕಲೆ. ಸೀನಿಯರುಗಳ ರೆಕಾರ್ಡ್ ಬುಕ್ಕು ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ಓಡಾಡ್ತಿತ್ತು. ಅಳತೆಗಿಂತ ಮೊದಲೇ ಉತ್ತರ ಇಟ್ಕೊಂಡು ಬೆಳೆದವರು ನಾವು. ಫಾರ್ವರ್ಡ್ ಮಾಡೋದೂ ಅದೇ ಅಲ್ವಾ? ಉತ್ತರ ಮೊದಲೇ ಇದೆ, ಕಾರಣ ಆಮೇಲೆ ಹುಡುಕೋದು.

ಹೀಗೇ ಆಗಬೇಕು ಅಂತೇನಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರು ಅನ್ನೋ ಹಳ್ಳಿಯಿಂದ ಬಂದ ಎಚ್. ನರಸಿಂಹಯ್ಯನವರೂ ಭೌತಶಾಸ್ತ್ರದ ಮೇಷ್ಟ್ರೇ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡ, ಮೂಢನಂಬಿಕೆಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ತುಂಬಾ ಜನ ಸಿಟ್ಟಾದರು. ಅವರು ಕೇಳಿದ್ದು ಇಷ್ಟೇ: ನೀವು ಹೇಳೋದನ್ನ ಪರೀಕ್ಷೆ ಮಾಡೋಣ ಬನ್ನಿ. ಐವತ್ತು ವರ್ಷ ಆಗ್ತಾ ಬಂತು. ನಮ್ಮ ಕೈಗೆ ಅವರಿಗಿಲ್ಲದ ಸ್ಮಾರ್ಟ್‌ಫೋನು ಬಂದಿದೆ, ಅದರೊಳಗೇ ಕಾಂತಕ್ಷೇತ್ರ ಅಳೆಯೋ ಸೆನ್ಸರ್ ಇದೆ. ಉತ್ತರಕ್ಕೆ ತಲೆ ಹಾಕೋ ಫಾರ್ವರ್ಡ್ ಅನ್ನ ನಾವು ಕಳಿಸೋದು ಅದೇ ಫೋನಿಂದ.

"ನಿಮಗೆ ನಮ್ಮ ಸಂಸ್ಕೃತಿ ಕಂಡ್ರೆ ಆಗಲ್ಲ" ಅಂತ ಹೇಳೋರು ಹೇಳ್ತಾರೆ. ಆಗುತ್ತೆ ಸ್ವಾಮಿ. ಒನಕೆ ನಿಲ್ಲಿಸಿ, ದಕ್ಷಿಣಕ್ಕೇ ತಲೆ ಹಾಕಿ ಮಲಗಿ, ಗಣಪನ ಕಥೆ ಮಕ್ಕಳಿಗೆ ಹೇಳಿ, ಅದು ನಿಮ್ಮಿಷ್ಟ. ಸಂಪ್ರದಾಯಕ್ಕೆ ತನ್ನ ಕಾಲ ಮೇಲೆ ನಿಲ್ಲೋ ಶಕ್ತಿ ಇದೆ. ಅದಕ್ಕೆ ಸುಳ್ಳು ಫಿಸಿಕ್ಸಿನ ಊರುಗೋಲು ಕೊಟ್ಟು ಎರಡಕ್ಕೂ ಅವಮಾನ ಮಾಡಬೇಡಿ. "ಏನೋ ಖುಷಿಗೆ ಕಳಿಸ್ತೀವಿ, ಯಾರಿಗೇನು ನಷ್ಟ" ಅನ್ನೋರಿಗೆ ನಮ್ಮ ಚಿಕ್ಕಮ್ಮನ ಹಸು ಮಾರಿದ ದುಡ್ಡಿನ ಲೆಕ್ಕ ಬೇಕಾದ್ರೆ ಕೊಡ್ತೀನಿ.

ಹಾಗಾಗಿ ಓದಿದವರಿಗೆ ನನ್ನದೊಂದೇ ಬೇಡಿಕೆ. ಮುಂದಿನ ಸಲ "ವೈಜ್ಞಾನಿಕ ಕಾರಣ" ಬಂದಾಗ ಕಳಿಸಿದವರಿಗೆ ಎಷ್ಟು ಅಂತ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ. ಹಬ್ಬಕ್ಕೆ ಊರಿಗೆ ಹೋದಾಗ ಸ್ವೀಟ್ ಬಾಕ್ಸಿನ ಜೊತೆ ಒಂದು ಆರ್‌ಸಿಸಿಬಿ ತಗೊಂಡು ಹೋಗಿ, ಗೊತ್ತಿರೋ ಎಲೆಕ್ಟ್ರಿಷಿಯನ್ನನ್ನ ಕರೆಸಿ ಹಾಕಿಸಿ. ತೋಟದ ಸ್ಟಾರ್ಟರಿನ ಅರ್ಥ್ ಚೆಕ್ ಮಾಡಿಸಿ, ಬೇಸಿಗೆಯಲ್ಲಿ ಗುಂಡಿಗೆ ಎರಡು ಬಿಂದಿಗೆ ನೀರು ಹಾಕೋಕೆ ಅಪ್ಪನಿಗೆ ಹೇಳಿ. ಮನೆಯಲ್ಲಿ ಈಗಾಗಲೇ ಆರ್‌ಸಿಸಿಬಿ ಇದ್ದರೆ ಅದರ ಮೇಲೊಂದು ಪುಟ್ಟ ಟೆಸ್ಟ್ ಬಟನ್ ಇರುತ್ತೆ, ಇವತ್ತೇ ಒತ್ತಿ ನೋಡಿ. ಟಪ್ ಅಂತ ಬಿದ್ರೆ ಸರಿ ಇದೆ. ಬೀಳಲಿಲ್ಲ ಅಂದ್ರೆ ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ನನಗೆ ಬೈಯೋದನ್ನ ಆಮೇಲೆ ನಿಧಾನಕ್ಕೆ ಮಾಡಬಹುದು.